ಹುಕ್‌ನೊಳಗೆ ಉಳಿದುಹೋದ ಸ್ಯಾಂಪಲ್: ಬಿಡುಗಡೆಯಾಗದ ಒಂದು ಹಿಪ್‌ಹಾಪ್ ಹಾಡಿನ ಪ್ರಕರಣ ಅಧ್ಯಯನ

ಹಾಡಿನ ಉದ್ದ 3 ನಿಮಿಷ 12 ಸೆಕೆಂಡು, ವೇಗ 90 ಬಿಪಿಎಂ (ನಿಮಿಷಕ್ಕೆ 90 ಮಾತ್ರೆ), ಒಟ್ಟು 72 ಬಾರ್ (ಒಂದು ಬಾರ್ ಎಂದರೆ ನಾಲ್ಕು ಮಾತ್ರೆ). ರ್ಯಾಪರ್‌ನ ಹದಿನಾರು ಬಾರಿನ ಒಂದು ವರ್ಸ್ (ಚರಣ), ಎಂಟು ಬಾರಿನ ಇನ್ನೊಂದು ಚಿಕ್ಕ ವರ್ಸ್, ಅತಿಥಿಯ ಹದಿನಾರು ಬಾರ್, ಮೂರು ಸಲ ಬರುವ ಎಂಟು ಬಾರಿನ ಹುಕ್ (ಪಲ್ಲವಿ), ಆರಂಭಕ್ಕೂ ಕೊನೆಗೂ ನಾಲ್ಕು ನಾಲ್ಕು ಬಾರ್. ರೆಕಾರ್ಡಿಂಗ್ ಮುಗಿದಿತ್ತು, ಮಿಕ್ಸ್ (ಎಲ್ಲ ದನಿಗಳನ್ನು ಹದವಾಗಿ ಬೆರೆಸುವ ಕೆಲಸ) ಮೂರು ಸಲ ಆಗಿತ್ತು, ಮುಖಪುಟದ ಚಿತ್ರವೂ ತಯಾರಿತ್ತು. ನಾಲ್ಕನೇ ತಿಂಗಳಲ್ಲಿ ಹಾಡನ್ನು ಕೈಬಿಟ್ಟರು.

ಇಲ್ಲಿ ಯಾರ ಹೆಸರೂ ಇಲ್ಲ, ಸ್ಯಾಂಪಲ್ ಆಗಿ, ಅಂದರೆ ತುಣುಕು ಕತ್ತರಿಸಿ ಬಳಸಿದ ಹಳೆಯ ಹಾಡಿನ ಹೆಸರೂ ಇಲ್ಲ. ಐದು ಜನ ಇದ್ದರು: ರ್ಯಾಪರ್, ಬೀಟ್ (ರ್ಯಾಪ್ ಕೆಳಗೆ ನುಡಿಯುವ ಸಂಗೀತ) ಮಾಡಿದವರು, ಅತಿಥಿ ರ್ಯಾಪರ್, ಹುಕ್ ಹಾಡಿದ ಗಾಯಕಿ, ಮಿಕ್ಸಿಂಗ್ ಎಂಜಿನಿಯರ್. ಐವರೂ ಕೆಲಸ ಬಲ್ಲವರೇ. ಒಬ್ಬರ ಅಸಡ್ಡೆಯಿಂದ ಹಾಡು ನಿಂತಿತು ಎಂದು ಹೇಳುವಂತಿಲ್ಲ. ಅದಕ್ಕೇ ಈ ಪ್ರಕರಣವನ್ನು ಬಿಡಿಸಿ ನೋಡಬೇಕು.

ಹಿನ್ನೆಲೆ

ಬೀಟ್‌ನ ಮೂಲ ಒಂದು ಹಳೆಯ ಹಾಡಿನ ನಾಲ್ಕು ಬಾರ್. ಅದರಲ್ಲಿ ತಂತಿವಾದ್ಯಗಳ ಗುಂಪು, ಮಸುಕಾದ ಬೇಸ್, ಮೇಲೆ ಒಂದು ಹಾಡುವ ಸಾಲು. ಮೂಲದ ವೇಗ 78 ಬಿಪಿಎಂ. ಬೀಟ್ ಮಾಡಿದವರು ಅದನ್ನು ತಟ್ಟೆ ತಿರುಗಿಸುವ ವೇಗ ಹೆಚ್ಚಿಸಿದ ಹಾಗೆ 90ಕ್ಕೆ ಏರಿಸಿದರು. ಹೀಗೆ ಮಾಡಿದಾಗ ವೇಗದ ಜೊತೆ ಶ್ರುತಿಯೂ ಏರುತ್ತದೆ, ದನಿ ಎಳೆಯದಾಗುತ್ತದೆ. ಹಿಪ್‌ಹಾಪ್‌ನಲ್ಲಿ ಈ ಬಣ್ಣವನ್ನು ಬೇಕೆಂದೇ ಬಳಸುತ್ತಾರೆ. ನಂತರ ಆ ಲೂಪನ್ನು (ಮತ್ತೆ ಮತ್ತೆ ತಿರುಗುವ ತುಣುಕನ್ನು) ಎಂಟು ತುಂಡು ಮಾಡಿ, ಕ್ರಮ ಬದಲಿಸಿ, ಕೆಳಗೆ ಡ್ರಮ್ಸ್ ಮತ್ತು 808 ಬೇಸ್ (ಡ್ರಮ್ ಯಂತ್ರದಿಂದ ಬಂದ ಆಳದ ಬೇಸ್ ದನಿ) ಕೂರಿಸಿದರು. ಕೆಲಸ ಚೆನ್ನಾಗಿತ್ತು.

ಬರೆದಿಡದೆ ಬಿಟ್ಟದ್ದು ಒಂದೇ ಸಂಗತಿ. ಲೂಪ್ ಎಲ್ಲಿಂದ ಬಂತು ಎಂಬುದು ಪ್ರಾಜೆಕ್ಟ್‌ನಲ್ಲಿ ಎಲ್ಲೂ ಇರಲಿಲ್ಲ. ಫೈಲ್‌ನ ಹೆಸರು ‘ಲೂಪ್ ಫೈನಲ್ 2’. ಆಗ ಅದರ ಅಗತ್ಯವೂ ಕಾಣಲಿಲ್ಲ, ಏಕೆಂದರೆ ಎಲ್ಲರ ಮನಸ್ಸಿನಲ್ಲಿ ಇದು ಇನ್ನೂ ಕೇಳಿ ನೋಡುವ ಬೀಟ್ ಆಗಿತ್ತು. ರ್ಯಾಪರ್ ಅದೇ ರಾತ್ರಿ ವರ್ಸ್ ಬರೆದರು, ಎರಡು ದಿನದಲ್ಲಿ ಗಾಯಕಿ ಹುಕ್ ಕೂಡ ಹಾಡಿದರು. ಅಲ್ಲಿಗೆ ಅದು ಬರೀ ಬೀಟ್ ಆಗಿ ಉಳಿಯಲಿಲ್ಲ.

48 ಸೆಂಟ್

ಮೊದಲ ತೊಡಕು ಶ್ರುತಿಯದು. ಬೀಟ್ ಕೇಳಿದವರೆಲ್ಲ ಬೇಸ್ ಎಲ್ಲೋ ಕೆಸರು ಕೆಸರಾಗಿದೆ ಎನ್ನುತ್ತಿದ್ದರು. ಎಂಜಿನಿಯರ್ ಮೊದಲು ಈಕ್ಯೂನಲ್ಲಿ (ದನಿಯ ಮೇಲಿನ, ಕೆಳಗಿನ ಪಟ್ಟಿಗಳನ್ನು ಏರಿಸಿ ಇಳಿಸುವ ಸಾಧನ) ಕೆಳಗಿನ ಪಟ್ಟಿ ಕತ್ತರಿಸಿದರು, ಆಮೇಲೆ ಕಿಕ್ ಡ್ರಮ್ ಬಿದ್ದಾಗ ಬೇಸ್ ತಗ್ಗುವಂತೆ ಸೈಡ್‌ಚೈನ್ ಹಾಕಿದರು. ಎರಡರಿಂದಲೂ ಉಪಯೋಗವಾಗಲಿಲ್ಲ.

ಲೆಕ್ಕ ಹಾಕಿದರೆ ಕಾರಣ ಸಿಗುತ್ತದೆ. 78ರಿಂದ 90ಕ್ಕೆ ವೇಗ ಏರಿಸಿದರೆ ಶ್ರುತಿ 2.48 ಸೆಮಿಟೋನ್ (ಕೀಬೋರ್ಡಿನ ಒಂದು ಕೀಲಿಯಿಂದ ಪಕ್ಕದ ಕೀಲಿಗಿರುವ ಅಂತರ) ಏರುತ್ತದೆ. ಸರಿಯಾಗಿ ಎರಡೂ ಅಲ್ಲ, ಮೂರೂ ಅಲ್ಲ. ಮೂಲ ಲೂಪ್ ‘ಎ’ ಮೈನರ್‌ನಲ್ಲಿದ್ದರೆ ಈಗ ಅದು ‘ಬಿ’ ಮತ್ತು ‘ಸಿ’ ಸ್ವರಗಳ ಬಹುತೇಕ ನಡುಮಧ್ಯೆ ಬಂದು ನಿಂತಿದೆ. 808 ಬೇಸ್ ಮಾತ್ರ ಕೀಬೋರ್ಡಿನ ‘ಬಿ’ಯಲ್ಲೇ ನುಡಿಯುತ್ತಿತ್ತು. ಕೆಳಗಿನ ‘ಬಿ’ಯ ಕಂಪನ ಸುಮಾರು 61.7 ಹರ್ಟ್ಸ್, ಲೂಪಿನೊಳಗಿನ ಅದೇ ಸ್ವರ ಸುಮಾರು 63.5 ಹರ್ಟ್ಸ್. ಈ ಎರಡು ಒಟ್ಟಿಗೆ ನುಡಿದಾಗ ಸೆಕೆಂಡಿಗೆ ಎರಡು ಸಲಕ್ಕೆ ಸ್ವಲ್ಪ ಕಡಿಮೆ ಲೆಕ್ಕದಲ್ಲಿ ದನಿ ಉಬ್ಬಿ ಇಳಿಯುತ್ತದೆ. ಕೆಸರು ಎಂದು ಕಿವಿಗೆ ಬೀಳುತ್ತಿದ್ದದ್ದು ಈ ಏರಿಳಿತವೇ. ಈಕ್ಯೂನಿಂದ ಅದನ್ನು ತೆಗೆಯಲು ಆಗುವುದಿಲ್ಲ.

ಪರಿಹಾರ ಸುಲಭ: 808ನ್ನು 48 ಸೆಂಟ್ (ಸೆಮಿಟೋನಿನ ನೂರನೇ ಒಂದು ಭಾಗ ಒಂದು ಸೆಂಟ್) ಮೇಲಕ್ಕೆ ಎಳೆಯುವುದು. ಎಳೆದ ಕೂಡಲೇ ಬೇಸ್ ಗಟ್ಟಿಯಾಗಿ ಕೂತಿತು. ಲೂಪನ್ನೇ 48 ಸೆಂಟ್ ಇಳಿಸುವ ದಾರಿಯೂ ಇತ್ತು. ಆದರೆ ಅಷ್ಟರಲ್ಲಿ ಗಾಯಕಿ ಲೂಪಿನ ಶ್ರುತಿಗೇ ಸೇರಿಸಿ ಹಾಡಿಬಿಟ್ಟಿದ್ದರು, ಅವರ ದನಿಯೂ ‘ಬಿ’ಗಿಂತ 48 ಸೆಂಟ್ ಮೇಲಿತ್ತು. ಶ್ರುತಿ ತಿದ್ದುವ ಪ್ಲಗಿನ್ನನ್ನು ‘ಬಿ’ ಮೈನರ್‌ಗೆ ಇಟ್ಟಾಗ ಅದು ಪ್ರತಿ ಸ್ವರವನ್ನೂ ಅರ್ಧ ಸೆಮಿಟೋನ್ ಎಳೆದಾಡಿ, ಒಮ್ಮೆ ಮೇಲಕ್ಕೆ ಒಮ್ಮೆ ಕೆಳಕ್ಕೆ ಜಿಗಿಸಿ, ಒಳ್ಳೆಯ ಟೇಕನ್ನು ಹಾಳು ಮಾಡಿತು. ಪ್ಲಗಿನ್‌ನ ಆಧಾರ ಕಂಪನವನ್ನು 440ರಿಂದ 452.4 ಹರ್ಟ್ಸ್‌ಗೆ ಏರಿಸಿದ ಮೇಲೆ ಸರಿಹೋಯಿತು. ಆ ಒಂದು ಸಂಖ್ಯೆಗೆ ಒಂದು ವಾರ ಹೋಯಿತು.

ಹಳೆಯ ರೆಕಾರ್ಡಿನಿಂದ ಲೂಪ್ ತೆಗೆಯುವ ಯಾರಿಗೇ ಆಗಲಿ ಇದು ಎದುರಾಗುತ್ತದೆ. ಹೊಸ ವೇಗವನ್ನು ಹಳೆಯ ವೇಗದಿಂದ ಭಾಗಿಸಿ, ಬಂದ ಅನುಪಾತ ಎಷ್ಟು ಸೆಮಿಟೋನ್ ಆಗುತ್ತದೆ ನೋಡಿ, ದಶಮಾಂಶ ಉಳಿದರೆ ಅದನ್ನು ಬೀಟ್ ಫೈಲಿನ ಹೆಸರಿನಲ್ಲೇ ಬರೆಯಬೇಕು: ‘90 ಬಿಪಿಎಂ, ಬಿ ಮೈನರ್, +48 ಸೆಂಟ್’. ಇಲ್ಲಿ ಬೀಟ್ ಕಳಿಸಿದಾಗ ಹೆಸರಿನಲ್ಲಿ ‘ಬಿ ಮೈನರ್’ ಎಂದಷ್ಟೇ ಇತ್ತು.

ಅತಿಥಿಯ ಹದಿನಾರು ಬಾರ್

ಎರಡನೆಯದು ತಾಂತ್ರಿಕ ತಪ್ಪೇ, ಆದರೆ ಅದು ಮನಸ್ತಾಪವಾಗಿ ಬೆಳೆಯಿತು.

ಅತಿಥಿ ತಮ್ಮ ಕೋಣೆಯಲ್ಲಿ ರೆಕಾರ್ಡ್ ಮಾಡಿ ವೇವ್ ಫೈಲ್ ಕಳಿಸಿದರು. ಅವರ ಸೆಷನ್ನಿನ ಸ್ಯಾಂಪಲ್ ದರ (ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆದು ದಾಖಲಿಸುತ್ತಾರೆ ಎಂಬುದು) 48 ಕಿಲೋಹರ್ಟ್ಸ್, ಹಾಡಿನ ಸೆಷನ್ನಿನದು 44.1 ಕಿಲೋಹರ್ಟ್ಸ್. ಬಹಳಷ್ಟು ಸಾಫ್ಟ್‌ವೇರ್ ಫೈಲ್ ಒಳತರುವಾಗಲೇ ಇದನ್ನು ಪರಿವರ್ತಿಸುತ್ತದೆ. ಇಲ್ಲಿ ಪರಿವರ್ತಿಸುವ ಆಯ್ಕೆ ಆಫ್ ಆಗಿತ್ತು. ಹಾಗಾದಾಗ ಫೈಲ್ ನಿಧಾನವಾಗಿ ಓಡುತ್ತದೆ, ದನಿ ಸುಮಾರು ಒಂದೂವರೆ ಸೆಮಿಟೋನ್ ಕೆಳಗಿಳಿಯುತ್ತದೆ. 90 ಬಿಪಿಎಂನಲ್ಲಿ ಹದಿನಾರು ಬಾರ್‌ಗೆ 42.7 ಸೆಕೆಂಡು ಬೇಕು. ಪರದೆಯ ಮೇಲೆ ಅತಿಥಿಯ ವರ್ಸ್ 46.4 ಸೆಕೆಂಡು ತೋರಿಸುತ್ತಿತ್ತು.

ಆ 3.7 ಸೆಕೆಂಡನ್ನು ಯಾರೂ ಅಳೆಯಲಿಲ್ಲ, ಕೇಳಿದರಷ್ಟೇ. ಕೇಳಿದರೆ ಏನು ಅನಿಸುತ್ತದೆ? ದನಿ ಭಾರ, ಉಚ್ಚಾರ ಜಡ, ಸಾಲುಗಳು ಬೀಟಿಗೆ ಸಿಗದೆ ಹಿಂದೆ ಹಿಂದೆ ಬೀಳುತ್ತವೆ. ಅರ್ಧ ನಿದ್ದೆಯಲ್ಲಿ ಹಾಡಿದ ಹಾಗೆ. ರ್ಯಾಪರ್ ಅತಿಥಿಗೆ ಬರೆದರು: ‘ನೀವು ಮನಸ್ಸಿಟ್ಟು ಮಾಡಿಲ್ಲ ಅನಿಸುತ್ತೆ, ಇನ್ನೊಮ್ಮೆ ಹಾಡಿ ಕಳಿಸ್ತೀರಾ?’ ಅತಿಥಿ ತಮ್ಮ ಕಂಪ್ಯೂಟರಿನಲ್ಲಿ ಹಾಕಿ ಕೇಳಿದರು, ಎಲ್ಲ ಸರಿಯಾಗಿಯೇ ಇತ್ತು. ಅವಮಾನವಾದಂತಾಗಿ ಹತ್ತು ದಿನ ಉತ್ತರ ಕೊಡಲಿಲ್ಲ. ಎಂಜಿನಿಯರ್ ಫೈಲಿನ ಗುಣಲಕ್ಷಣ ತೆರೆದು 48 ಎಂಬ ಅಂಕೆ ನೋಡಿದ್ದು ಅದರ ನಂತರ.

ಪರಿವರ್ತಿಸಿದ ಮೇಲೂ ವರ್ಸ್ ಕೂದಲೆಳೆಯಷ್ಟು ಹಿಂದಿತ್ತು. ಅದಕ್ಕೆ ಕಾರಣ ಬೇರೆ. ಅತಿಥಿ ರೆಕಾರ್ಡ್ ಮಾಡಿದ್ದು ಎಂಪಿ3 ಬೀಟ್ ಮೇಲೆ. ಎಂಪಿ3 ಮಾಡುವಾಗ ಫೈಲಿನ ಆರಂಭಕ್ಕೆ ಒಂದಿಷ್ಟು ಖಾಲಿ ಜಾಗ ಸೇರಿಕೊಳ್ಳುತ್ತದೆ. ಸಾಮಾನ್ಯವಾಗಿ ಬಳಸುವ ಲೇಮ್ ಎನ್‌ಕೋಡರ್‌ನಲ್ಲಿ ಎನ್‌ಕೋಡರ್‌ನ 576 ಮತ್ತು ಡಿಕೋಡರ್‌ನ 529 ಸೇರಿ 1105 ಸ್ಯಾಂಪಲ್ (ಇಲ್ಲಿ ದನಿಯ ಒಂದೊಂದು ಅಳತೆ), ಅಂದರೆ 44.1 ಕಿಲೋಹರ್ಟ್ಸ್‌ನಲ್ಲಿ 25 ಮಿಲಿಸೆಕೆಂಡು. ಕೆಲವು ಸಾಫ್ಟ್‌ವೇರ್ ಇದನ್ನು ತಾನೇ ಕತ್ತರಿಸುತ್ತದೆ, ಕೆಲವು ಕತ್ತರಿಸುವುದಿಲ್ಲ. 90 ಬಿಪಿಎಂನಲ್ಲಿ ಕಾಲು ಮಾತ್ರೆಗೆ 167 ಮಿಲಿಸೆಕೆಂಡು. ಅದರಲ್ಲಿ 25 ತಪ್ಪಿದರೆ ಬಿಗಿಯಾದ ರ್ಯಾಪ್ ಸಡಿಲವಾಗಿ ಕೇಳುತ್ತದೆ. ಇಡೀ ವರ್ಸನ್ನು 25 ಮಿಲಿಸೆಕೆಂಡು ಮೊದಲೇ ಬರುವಂತೆ ಸರಿಸಿದ್ದೇ, ಹಾಡಿನ ಅತ್ಯುತ್ತಮ ಭಾಗ ಅದೇ ಎಂದು ಎಲ್ಲರೂ ಒಪ್ಪಿದರು. ಕ್ಷಮೆ ಕೇಳಿಯೂ ಆಯಿತು. ಆದರೆ ಪಾಲಿನ ಮಾತು ಬಂದಾಗ ಈ ಹತ್ತು ದಿನ ಮತ್ತೆ ಎದ್ದು ಕೂತವು.

ದೂರದಿಂದ ಬರುವ ಫೈಲ್‌ಗೆ ಮಾಡಬೇಕಾದದ್ದು ಇಷ್ಟೆ: ಬೀಟನ್ನು ವೇವ್‌ನಲ್ಲೇ ಕಳಿಸಿ; ರೆಕಾರ್ಡಿಂಗ್ 24 ಬಿಟ್, ಸೆಷನ್‌ನ ಅದೇ ಸ್ಯಾಂಪಲ್ ದರದಲ್ಲಿ; ಅತಿಥಿ ಬೀಟ್‌ನ ಒಂದನೇ ಬಾರ್‌ನಿಂದಲೇ ಫೈಲ್ ಕತ್ತರಿಸದೆ ಎಕ್ಸ್‌ಪೋರ್ಟ್ ಮಾಡಲಿ; ದನಿಗೆ ರಿವರ್ಬ್ (ಕೋಣೆಯ ಪ್ರತಿಧ್ವನಿಯಂಥ ಪರಿಣಾಮ) ಹಾಕಿದ್ದರೆ ಹಾಕಿದ್ದೊಂದು, ಹಾಕದ್ದೊಂದು, ಎರಡೂ ಕಳಿಸಲಿ. ಫೈಲ್ ಬಂದ ಮೇಲೆ ಮೊದಲು ಉದ್ದ ಅಳೆಯಿರಿ, ಆಮೇಲೆ ಅಭಿಪ್ರಾಯ ಹೇಳಿ.

ಅನುಮತಿಯ ಪ್ರಶ್ನೆ

ಎರಡನೇ ಮಿಕ್ಸ್ ಆದಾಗ ತಂಡದ ಒಬ್ಬರು ಫೋನಿನಲ್ಲಿ ಕೇಳಲು ಅನುಕೂಲವಾಗಲಿ ಎಂದು ಹಾಡನ್ನು ಯೂಟ್ಯೂಬ್‌ಗೆ ಖಾಸಗಿಯಾಗಿ ಏರಿಸಿದರು. ಸ್ವಲ್ಪ ಹೊತ್ತಿನಲ್ಲೇ ಅಲ್ಲಿನ ಹಾಡು ಗುರುತಿಸುವ ವ್ಯವಸ್ಥೆಯಾದ ಕಂಟೆಂಟ್ ಐಡಿ ಮೂಲ ಹಾಡನ್ನು ಗುರುತಿಸಿ ಹಕ್ಕುದಾರರನ್ನು ತೋರಿಸಿತು. ಶ್ರುತಿ ಏರಿಸಿ ತುಂಡು ಮಾಡಿದ ಲೂಪ್ ಸಿಕ್ಕಿಬೀಳುವುದಿಲ್ಲ ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು.

ಒಂದು ಸ್ಯಾಂಪಲ್‌ನಲ್ಲಿ ಎರಡು ಹಕ್ಕುಗಳಿರುತ್ತವೆ. ಒಂದು ಧ್ವನಿಮುದ್ರಣದ್ದು, ಸಾಮಾನ್ಯವಾಗಿ ರೆಕಾರ್ಡ್ ಕಂಪನಿಯ ಕೈಯಲ್ಲಿ. ಇನ್ನೊಂದು ಕೃತಿಯದು, ಅಂದರೆ ರಾಗ ಮತ್ತು ಸಾಹಿತ್ಯದ್ದು, ಬರೆದವರ ಅಥವಾ ಅವರ ಪಬ್ಲಿಷರ್ ಕೈಯಲ್ಲಿ. ಎರಡೂ ಕಡೆ ಒಪ್ಪಿಗೆ ಬೇಕು. ಒಂದು ಸಿಕ್ಕಿ ಇನ್ನೊಂದು ಸಿಗದಿದ್ದರೆ ಹಾಡು ಬಿಡುಗಡೆ ಮಾಡುವಂತಿಲ್ಲ.

ತಂಡದಲ್ಲಿ ಆಗ ಎದ್ದ ಮೊದಲ ವಾದ, ಇಷ್ಟು ಚಿಕ್ಕ ತುಣುಕಿಗೆ ಅನುಮತಿ ಬೇಡ ಎಂಬುದು. ಕೆಲವು ಸೆಕೆಂಡು ಉಚಿತ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ, ಅಂಥ ನಿಯಮ ಇಲ್ಲ. 1991ರಲ್ಲೇ ಅಮೆರಿಕದ ಫೆಡರಲ್ ನ್ಯಾಯಾಲಯವೊಂದು ಅನುಮತಿಯಿಲ್ಲದ ಸ್ಯಾಂಪಲ್ ಇದ್ದ ರ್ಯಾಪ್ ಹಾಡಿನ ಮಾರಾಟಕ್ಕೆ ತಡೆ ಕೊಟ್ಟಿತು. 2005ರಲ್ಲಿ ಅಲ್ಲಿನ ಆರನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಎರಡು ಸೆಕೆಂಡಿನ ಗಿಟಾರ್ ತುಣುಕಿಗೂ ಪರವಾನಗಿ ಬೇಕು ಎಂದಿತು. 2016ರಲ್ಲಿ ಒಂಬತ್ತನೇ ಸರ್ಕಿಟ್ ಇದಕ್ಕೆ ವಿರುದ್ಧವಾಗಿ, ಕಾಲು ಸೆಕೆಂಡಿಗೂ ಕಡಿಮೆಯಾದ ಒಂದು ತುತ್ತೂರಿ ದನಿ ಗಣನೆಗೆ ಬರುವಂಥದ್ದಲ್ಲ ಎಂದಿತು. 2019ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ಕಿವಿಗೆ ಗುರುತು ಸಿಗದಷ್ಟು ಬದಲಾದ ತುಣುಕಿಗೆ ವಿನಾಯಿತಿ ಕೊಟ್ಟಿತು. ಈ ಹಾಡಿನಲ್ಲಿ ಲೂಪ್ ಸುಮಾರು 10.7 ಸೆಕೆಂಡಿಗೊಮ್ಮೆ ಆದಿಯಿಂದ ಅಂತ್ಯದವರೆಗೆ ತಿರುಗುತ್ತದೆ, ಮೂಲ ಗಾಯನ ಸ್ಪಷ್ಟವಾಗಿ ಕೇಳುತ್ತದೆ. ಯಾವ ತೀರ್ಪನ್ನು ಹಿಡಿದರೂ ಇದಕ್ಕೆ ರಕ್ಷಣೆ ಇರಲಿಲ್ಲ.

ಎರಡೂ ಕಡೆಗೆ ಪತ್ರ ಹೋಯಿತು. ಪಬ್ಲಿಷರ್ ಆರನೇ ವಾರದಲ್ಲಿ ಉತ್ತರಿಸಿದರು: ಹೊಸ ಕೃತಿಯಲ್ಲಿ ಶೇ. 60 ಪಾಲು, ಮುಂಗಡ ಹಣ, ಸಾಹಿತ್ಯ ಓದಿ ಒಪ್ಪುವ ಹಕ್ಕು. ರೆಕಾರ್ಡ್ ಕಂಪನಿಯಿಂದ ಉತ್ತರವೇ ಬರಲಿಲ್ಲ. ಉತ್ತರ ಬಾರದಿದ್ದರೆ ಅದನ್ನು ಒಪ್ಪಿಗೆ ಎಂದು ತಿಳಿಯುವಂತಿಲ್ಲ.

ಮರುವಾದನ

ಇಲ್ಲಿ ತಂಡ ತೆಗೆದುಕೊಂಡ ನಿರ್ಧಾರ ನ್ಯಾಯವಾಗಿಯೇ ಇತ್ತು: ಸ್ಯಾಂಪಲ್ ತೆಗೆದು ಅದೇ ಭಾಗವನ್ನು ಹೊಸದಾಗಿ ನುಡಿಸಿಬಿಡೋಣ. ಹಾಗೆ ಮಾಡಿದರೆ ಧ್ವನಿಮುದ್ರಣದ ಹಕ್ಕಿನ ಪ್ರಶ್ನೆ ಬಿಟ್ಟುಹೋಗುತ್ತದೆ, ಕೃತಿಯ ಹಕ್ಕು ಮಾತ್ರ ಉಳಿಯುತ್ತದೆ. ಸ್ವರಗಳನ್ನೂ ಬದಲಿಸಿ ಪೂರ್ತಿ ಹೊಸದೇ ನುಡಿಸಿದರೆ ಅದೂ ಉಳಿಯುವುದಿಲ್ಲ. ಶೇ. 60 ಕೊಡಲು ಮನಸ್ಸಿಲ್ಲದ್ದರಿಂದ ಎರಡನೇ ದಾರಿ ಹಿಡಿದರು.

ಕೀಬೋರ್ಡ್ ಮತ್ತು ಗಿಟಾರ್ ಎರಡನ್ನೂ 48 ಸೆಂಟ್ ಏರಿಸಿ ಶ್ರುತಿ ಮಾಡಿ, ಬೇರೆ ಸ್ವರಸರಣಿ ನುಡಿಸಿದರು. ಮೊದಲ ದಿನವೇ ಡ್ರಮ್ಸ್ ಒಗ್ಗಲಿಲ್ಲ. ಹಳೆಯ ಲೂಪ್ ಕ್ಲಿಕ್ (ತಾಳ ಎಣಿಸುವ ಟಿಕ್ ಟಿಕ್ ದನಿ) ಇಲ್ಲದೆ ಮನುಷ್ಯರು ನುಡಿಸಿದ್ದು. ಅದರ ಮೂರನೇ ಮಾತ್ರೆ ಸ್ವಲ್ಪ ಜಗ್ಗುತ್ತಿತ್ತು, ಬೀಟ್ ಮಾಡಿದವರು ಸ್ನೇರ್ ಡ್ರಮ್ ಅನ್ನು ಕಿವಿಯಿಂದಲೇ ಅದಕ್ಕೆ ಹೊಂದಿಸಿ ಹತ್ತು ಹದಿನೈದು ಮಿಲಿಸೆಕೆಂಡು ತಡವಾಗಿ ಇಟ್ಟಿದ್ದರು. ಹೊಸ ವಾದನ ಕ್ಲಿಕ್‌ಗೆ ನೇರವಾಗಿತ್ತು, ಹಾಗಾಗಿ ಸ್ನೇರ್ ತಪ್ಪಿ ಬಿದ್ದಂತೆ ಕೇಳಿತು. ಸ್ನೇರನ್ನು ಗ್ರಿಡ್‌ಗೆ (ಪರದೆಯ ಮೇಲಿನ ಸಮ ಅಂತರದ ಗೆರೆಗಳಿಗೆ) ಎಳೆದರೆ ಹಾಡಿನ ತೂಗಾಟವೇ ಸತ್ತಿತು. ಕೊನೆಗೆ ಹೊಸ ಗಿಟಾರನ್ನು ಕ್ಲಿಕ್ ತೆಗೆದು, ಬರೀ ಡ್ರಮ್ಸ್ ಕೇಳಿಸಿ ಮತ್ತೆ ನುಡಿಸಿದಾಗ ಜೀವ ಬಂತು. ಈ ಕ್ರಮ ನೆನಪಿಟ್ಟುಕೊಳ್ಳುವಂಥದ್ದು.

ನಂತರ ಹುಕ್ ಸೇರಿಸಿದರು. ಗಾಯಕಿಯ ದನಿ ಹೊಸ ಸ್ವರಗಳ ಮೇಲೆ ಬಂದಾಗ ಮೊದಲ ಸಾಲಿನ ಕೊನೆಯ ಮೂರು ಸ್ವರ ಹೊಂದಲಿಲ್ಲ. ಸ್ವರಸರಣಿಯಲ್ಲಿ ತಪ್ಪಿದೆ ಎಂದುಕೊಂಡು ಅದನ್ನು ಬದಲಿಸಿದರು. ಆಗ ಎರಡನೇ ಸಾಲು ಹೊಂದಲಿಲ್ಲ. ಮೂರನೇ ಸಲ ಬದಲಿಸಿದಾಗ ಎಲ್ಲವೂ ಹೊಂದಿತು, ಆದರೆ ಆ ಹೊತ್ತಿಗೆ ಕೈಯಲ್ಲಿದ್ದದ್ದು ಹಳೆಯ ಲೂಪಿನದೇ ಸ್ವರಸರಣಿ. ಎಂಜಿನಿಯರ್ ಬೀಟ್ ಮ್ಯೂಟ್ ಮಾಡಿ ಹುಕ್ ಒಂದನ್ನೇ ಹಾಕಿದರು, ಪಕ್ಕದಲ್ಲಿ ಮೂಲ ಹಾಡು. ಮೊದಲ ಎರಡು ಸಾಲಿನ ಏರಿಳಿತ ಒಂದೇ. ಸಾಹಿತ್ಯ ಬೇರೆ, ಭಾಷೆ ಬೇರೆ, ದನಿ ಬೇರೆ, ರಾಗ ಅದೇ.

ಇದರಲ್ಲಿ ಕಳ್ಳತನದ ಉದ್ದೇಶ ಇರಲಿಲ್ಲ. ನೂರು ಸಲ ತಿರುಗುವ ಲೂಪನ್ನು ಹೆಡ್‌ಫೋನಿನಲ್ಲಿ ಕೇಳುತ್ತ ರಾಗ ಕಟ್ಟಿದರೆ ಒಳಗಿನ ಗಾಯನವನ್ನು ದನಿ ತಾನಾಗಿ ಹಿಂಬಾಲಿಸುತ್ತದೆ. ಗಾಯಕಿಗೆ ಅದು ಬೇರೆಯವರ ಹಾಡು ಎಂದು ಯಾರೂ ಹೇಳಿರಲಿಲ್ಲ. ಅವರು ಅದನ್ನು ಬೀಟ್‌ನ ಭಾಗವೆಂದೇ ತಿಳಿದು ಅದಕ್ಕೆ ಹೊಂದಿಸಿ ಹಾಡಿದ್ದರು. ಸ್ಯಾಂಪಲ್ ಬೀಟ್‌ನಿಂದ ಹೋದರೂ ಹುಕ್‌ನಲ್ಲಿ ಉಳಿದಿತ್ತು, ಅಂದರೆ ಪಬ್ಲಿಷರ್ ಕೇಳಿದ ಪಾಲಿನ ಪ್ರಶ್ನೆಯೂ ಉಳಿಯಿತು. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯವಾದ ತಿರುವು ಇದು.

ಹೊಸ ಹುಕ್ ಬರೆಯಲು ಎರಡು ಸಂಜೆ ಪ್ರಯತ್ನ ನಡೆಯಿತು. ಪ್ರತಿ ಸಲವೂ ಹಳೆಯ ರಾಗಕ್ಕೇ ಮರಳುತ್ತಿತ್ತು. ಬೀಟ್ ಇಲ್ಲದೆ, ಬರೀ ತಾಳ ಹಾಕಿಕೊಂಡು, ಬೇರೆ ವೇಗದಲ್ಲಿ ಕಟ್ಟಿ ನೋಡಬಹುದಿತ್ತು. ಯಾರಿಗೂ ಅದಕ್ಕೆ ಉಸಿರು ಉಳಿದಿರಲಿಲ್ಲ.

130 ಶೇಕಡಾ

ಪಬ್ಲಿಷರ್‌ಗೆ ಶೇ. 60 ಕೊಟ್ಟು ಮರುವಾದನದ ಆವೃತ್ತಿ ಹೊರತರೋಣ ಎಂದು ರ್ಯಾಪರ್ ಸೂಚಿಸಿದರು. ಉಳಿದ ಶೇ. 40 ಹಂಚಲು ಕೂತಾಗ ಯಾರ ಪಾಲು ಎಷ್ಟು ಎಂದು ಎಲ್ಲೂ ಬರೆದಿರಲಿಲ್ಲ. ಬೀಟ್‌ಗೆ ಅರ್ಧ, ಸಾಹಿತ್ಯ ಮತ್ತು ರಾಗಕ್ಕೆ ಅರ್ಧ ಎಂಬುದು ಈ ಕ್ಷೇತ್ರದ ರೂಢಿ, ಹಾಗಾಗಿ ಬೀಟ್ ಮಾಡಿದವರು 50 ಎಂದುಕೊಂಡಿದ್ದರು. ರ್ಯಾಪರ್ ಮನಸ್ಸಿನಲ್ಲಿ ತಮಗೆ 40. ಅತಿಥಿಗೆ ಬಾಯಿಮಾತಿನಲ್ಲಿ 25 ಹೇಳಿದ್ದರು, ಗಾಯಕಿಗೆ 15. ಕೂಡಿದರೆ 130. ಅದನ್ನು 40ಕ್ಕೆ ಇಳಿಸಿದರೆ ಅತಿಥಿಯ 25 ಎಂಟಕ್ಕಿಂತ ಕೆಳಗೆ ಬರುತ್ತದೆ. ಹತ್ತು ದಿನದ ಹಳೆಯ ನೋವು ಆಗ ಮಾತಾಯಿತು. ಅತಿಥಿ ತಮ್ಮ ವರ್ಸ್ ಹಿಂತೆಗೆದುಕೊಳ್ಳುವುದಾಗಿ ಬರೆದರು.

ಮೂರನೇ ಮಿಕ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಹಾಡನ್ನು ಉಳಿಸುವಂಥದ್ದಾಗಿರಲಿಲ್ಲ. ಗಟ್ಟಿಯಾಗಿ ಕೇಳಬೇಕೆಂದು, ದನಿಯ ಗಟ್ಟಿತನದ ಅಳತೆಯಲ್ಲಿ ಮೈನಸ್ 7 ಎಲ್‌ಯುಎಫ್‌ಎಸ್‌ಗೆ ಏರಿಸಿದ್ದರು. ಸ್ಪಾಟಿಫೈ ತನ್ನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಮೈನಸ್ 14ಕ್ಕೆ ಇಳಿಸಿಯೇ ನುಡಿಸುತ್ತದೆ, ಹಾಗಾಗಿ ಕೊನೆಗೆ ದಕ್ಕುವುದು ಚಪ್ಪಟೆಯಾದ ಸ್ನೇರ್ ಮಾತ್ರ.

ಕೈಬಿಟ್ಟದ್ದು ಹೇಗೆ

ಹಾಡನ್ನು ಕೈಬಿಟ್ಟ ರೀತಿ ಅಚ್ಚುಕಟ್ಟಾಗಿತ್ತು, ಇದನ್ನು ಹೇಳಲೇಬೇಕು. ಜಗಳವಾಡುತ್ತ ಬಿಟ್ಟಿದ್ದರೆ ಎಲ್ಲವೂ ಹೋಗುತ್ತಿತ್ತು. ಎಂಜಿನಿಯರ್ ಒಂದು ಪುಟದ ಪತ್ರ ಮಾಡಿದರು: ಹಾಡು ಯಾವ ರೂಪದಲ್ಲೂ ಹೊರಬರುವುದಿಲ್ಲ, ಪ್ರತಿಯೊಬ್ಬರ ದನಿ ಮತ್ತು ಸಾಹಿತ್ಯ ಅವರವರಿಗೆ, ಡ್ರಮ್ಸ್ ಮತ್ತು 808 ಬೀಟ್ ಮಾಡಿದವರಿಗೆ, ಹೊಸ ಗಿಟಾರ್ ನುಡಿಸಿದವರಿಗೆ. ಐವರೂ ಸಹಿ ಹಾಕಿದರು. ಎಲ್ಲ ದನಿಗಳನ್ನೂ ರಿವರ್ಬ್ ಇಲ್ಲದೆ, 24 ಬಿಟ್‌ನಲ್ಲಿ, ಒಂದನೇ ಬಾರ್‌ನಿಂದ ಎಕ್ಸ್‌ಪೋರ್ಟ್ ಮಾಡಿ, ಹೆಸರಿನಲ್ಲಿ ವೇಗ, ಶ್ರುತಿ, ಸೆಂಟ್ ಬರೆದು ಹಂಚಿದರು.

ಈ ಪತ್ರದ ಇನ್ನೊಂದು ರೂಪ ಮೊದಲ ರಾತ್ರಿಯೇ ಇರಬೇಕಿತ್ತು. ಐದು ಸಾಲು ಸಾಕಿತ್ತು: ಲೂಪ್ ಎಲ್ಲಿಂದ ಬಂತು, ಅದರೊಳಗೆ ಗಾಯನ ಇದೆಯೇ, ವೇಗ ಎಷ್ಟು, ಶ್ರುತಿ ಎಷ್ಟು, ಯಾರಿಗೆ ಎಷ್ಟು ಪಾಲು. ‘ಗಾಯನ ಇದೆ’ ಎಂಬ ಒಂದು ಸಾಲು ಇದ್ದಿದ್ದರೆ ಗಾಯಕಿಗೆ ಲೂಪ್ ಮ್ಯೂಟ್ ಮಾಡಿ ಡ್ರಮ್ಸ್ ಮತ್ತು ಬೇಸ್ ಮೇಲಷ್ಟೇ ರಾಗ ಕಟ್ಟಲು ಹೇಳಬಹುದಿತ್ತು. ಆಗ ಮರುವಾದನ ಫಲಿಸುವ ಸಾಧ್ಯತೆ ನಿಜಕ್ಕೂ ಇತ್ತು. ಹಾಡನ್ನು ನಿಲ್ಲಿಸಲು ಸರಿಯಾದ ಹೊತ್ತು ಕಂಟೆಂಟ್ ಐಡಿ ಗುರುತಿಸಿದ ದಿನ. ಆಗ ನಿಲ್ಲಿಸಿ ಹುಕ್ ಪರೀಕ್ಷಿಸಿದ್ದರೆ ಎರಡು ತಿಂಗಳ ಶ್ರಮ ಉಳಿಯುತ್ತಿತ್ತು.

ಅತಿಥಿಯ ಹದಿನಾರು ಬಾರ್ ಮುಂದೆ 92 ಬಿಪಿಎಂನ ಬೇರೊಂದು ಬೀಟ್ ಮೇಲೆ ಕೂತಿತು. ಶೇ. 2ರಷ್ಟು ವೇಗ ಹೆಚ್ಚಿಸಿದರೆ ಸಾಕಾಯಿತು, ದನಿಯನ್ನು ರಿವರ್ಬ್ ಇಲ್ಲದೆ ಇಟ್ಟಿದ್ದರಿಂದ ಜೋಡಣೆ ಗೊತ್ತಾಗುವುದಿಲ್ಲ. ರ್ಯಾಪರ್‌ನ ಮೊದಲ ವರ್ಸ್ ಇನ್ನೂ ಬೀಟ್ ಹುಡುಕುತ್ತಿದೆ. ಹುಕ್‌ನ ಫೈಲ್ ಗಾಯಕಿಯ ಬಳಿ ಇದೆ. ಅದರ ಹೆಸರು: ‘ಹುಕ್, 90 ಬಿಪಿಎಂ, ಬಿ ಮೈನರ್, +48 ಸೆಂಟ್, ಮೊದಲ ಎರಡು ಸಾಲಿನ ರಾಗ ಬೇರೆಯವರದು, ಬಳಸಬಾರದು.’